ಬೆನ್ನು ಹಾಕದ ಬಾಣ

"ಪಾಸಿಟಿವ್ ಆಪರೇಟರ್ ಅಂದ್ರೇನು, ನೀವೇ ಹೇಳಿ ನೋಡೋಣ" ಎಂದು ಮಗಳು ಪಾಠ ಶುರು ಮಾಡಿದ್ದೇ ತಡ, ಕೊನೆಯ ಬೆಂಚಿನಲ್ಲಿದ್ದ ಮೇಷ್ಟ್ರು ತುದಿಗೆ ಸರಿದು ಕೂತರು. ಮೊದಲು ವ್ಯಾಖ್ಯೆ ಬರಿ, ಆಮೇಲೆ ಮಾತಾಡು ಎಂದು ಬೆಳಿಗ್ಗೆಯಷ್ಟೇ ಬಡಿದುಕೊಂಡಿದ್ದರು. ಇದೇ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಹಳಬರೆಂಬ ಸಲುಗೆಯಿಂದ ಬಂದು ಕೂತಿದ್ದರು. ಈ ಪಾಠ ಮುಂದಿನ ಬೆಂಚಿನಲ್ಲಿ ಕೂತ ವಿಭಾಗದ ಮುಖ್ಯಸ್ಥರಿಗೆ ಹಿಡಿಸಿದರೆ ಮಗಳಿಗೆ ಕೆಲಸ; ಇಲ್ಲವೆಂದರೆ ಇಲ್ಲ.

ಅವಳು ಬೋರ್ಡಿನ ಮೇಲೆ ಒಂದು ಬಾಣ ಎಳೆದಳು. "ಹಿಲ್ಬರ್ಟ್ ಸ್ಪೇಸ್ ಅಂದ್ರೆ ಹೆದರ್ಬೇಡಿ. ಇಂಥ ಬಾಣಗಳಿರೋ ಜಾಗ, ಅಷ್ಟೆ. ಆಪರೇಟರ್ ಒಂದು ಬಾಣ ತಗೊಂಡು ಇನ್ನೊಂದು ಬಾಣ ಕೊಡುತ್ತೆ. ಈ ಅಂಕಿಗಳ ಆಪರೇಟರ್ ಪಾಸಿಟಿವ್ ಹೌದೋ ಅಲ್ಲವೋ?" ಎಂದು ನಾಲ್ಕು ಅಂಕಿ ಬರೆದಳು. ಮೇಲೆ ಒಂದು, ಎರಡು. ಕೆಳಗೆ ಎರಡು, ಒಂದು.

"ಹೌದು ಮೇಡಂ, ಒಂದೂ ಮೈನಸ್ ಇಲ್ವಲ್ಲ!" ಎಂದಳು ಕಿಟಕಿ ಪಕ್ಕದ ಹುಡುಗಿ. ಕ್ಲಾಸಿಗೆ ಕ್ಲಾಸೇ ತಲೆಯಾಡಿಸಿತು. ಮಗಳು ಪಕ್ಕದಲ್ಲಿ 'ಪಾಸಿಟಿವ್' ಎಂದು ದಪ್ಪಗೆ ಬರೆದೇಬಿಟ್ಟಳು.

ಶುದ್ಧ ತಪ್ಪು! ಮೇಷ್ಟ್ರು ಕೆಮ್ಮಿದರು. ಮಗಳು ಕ್ಯಾರೇ ಅನ್ನಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದರು. ಮುಖ್ಯಸ್ಥರು ತಿರುಗಿ, "ನೀರು ಬೇಕಾ ಸರ್?" ಎಂದರು.

"ಬಾ, ಒಂದು ಬಾಣ ಕೊಟ್ಟು ನೋಡು" ಎಂದು ಮಗಳು ಆ ಹುಡುಗಿಯನ್ನೇ ಕರೆದಳು. "ಬಲಕ್ಕೊಂದು ಹೆಜ್ಜೆ, ಕೆಳಕ್ಕೊಂದು ಹೆಜ್ಜೆ." ಹುಡುಗಿ ಆ ಅಂಕಿಗಳನ್ನು ಕೂಡಿ ಕಳೆದು, ಉತ್ತರವಾಗಿ ಬಂದ ಬಾಣ ಎಳೆದಳು. ಎಡಕ್ಕೊಂದು, ಮೇಲಕ್ಕೊಂದು. "ಅಯ್ಯೋ, ಪೂರ್ತಿ ಉಲ್ಟಾ ಹೊಡೀತಲ್ಲ ಮೇಡಂ!"

"ನೋಡಿದ್ರಾ? ಅಂಕಿಗಳ ಮುಖ ನೋಡಿ ನಂಬಬಾರದು. ಪಾಸಿಟಿವ್ ಆಪರೇಟರ್ ಬಾಣನ ಹಿಗ್ಗಿಸುತ್ತೆ, ಕುಗ್ಗಿಸುತ್ತೆ, ಹೆಚ್ಚೆಂದ್ರೆ ಪಕ್ಕಕ್ಕೆ ತಿರುಗಿಸುತ್ತೆ. ಆದ್ರೆ ಯಾವ ಬಾಣ ಕೊಟ್ರೂ, ಬಂದದ್ದು ಕೊಟ್ಟದ್ದಕ್ಕೆ ಬೆನ್ನು ಹಾಕಲ್ಲ."

ಹುಡುಗಿ ನಗುತ್ತ ತಾನೇ 'ಪಾಸಿಟಿವ್' ಅಳಿಸಿದಳು. ಆ ಜಾಗದಲ್ಲಿ ಮಗಳು ಈಗ ವ್ಯಾಖ್ಯೆ ಬರೆದಳು. ಅದೇ ವ್ಯಾಖ್ಯೆಯನ್ನು ಮೊದಲ ನಿಮಿಷಕ್ಕೇ ಬರೆದು, ಉಳಿದ ಹೊತ್ತೆಲ್ಲ ಮಕ್ಕಳ ಆಕಳಿಕೆ ನೋಡುತ್ತ ಮೇಷ್ಟ್ರು ತಮ್ಮ ನೌಕರಿಯ ಕಾಲವನ್ನೆಲ್ಲ ಕಳೆದಿದ್ದರು. ಇವತ್ತು ಒಬ್ಬರೂ ಆಕಳಿಸಲಿಲ್ಲ. ನನ್ನ ಮಗಳು ಎಂದು ಕೂಗಿ ಹೇಳಬೇಕೆನಿಸಿತು ಅವರಿಗೆ.

ಗಂಟೆ ಹೊಡೆಯಿತು. "ನಾಳೆಯಿಂದಲೇ ಬಂದುಬಿಡಿ" ಎಂದು ಮುಖ್ಯಸ್ಥರು ಅವಳ ಕೈ ಕುಲುಕಿದರು. ಮುಂದಿನ ಪಾಠದ ಅಧ್ಯಾಪಕರು ಒಳಬಂದು ಡಸ್ಟರ್ ಎತ್ತಿಕೊಂಡರು.

"ತಡೀರಿ, ಅಳಿಸ್ಬೇಡಿ!" ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಎದ್ದು ನಿಂತು ಜೇಬಿನಲ್ಲಿ ಪೆನ್ನಿಗಾಗಿ ತಡಕಾಡುತ್ತಿದ್ದರು. "ನಾನಿನ್ನೂ ಬರ್ಕೊಂಡಿಲ್ಲ."