ಅಜ್ಜಿ ಮೊದಲು ತಿಂದ ಶೇಂಗಾ

ಹುರಿದ ಶೇಂಗಾದ ವಾಸನೆ ಬಂದರೆ ಇಂದಿಗೂ ಮೊದಲ ಹಿಡಿ ನಾನೇ ತಿಂದು, ಆಮೇಲೆ ಮಗಳಿಗೆ ಕೊಡುತ್ತೇನೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನೇಸರಿ ಊರಿನ ನಮ್ಮ ಅಂಗಳಕ್ಕೆ ಹೊಸ ತಳಿಯ ಶೇಂಗಾ ಬಂದಿತ್ತು. "ಬೀಜಕ್ಕ ಕಿರಣ ಬಿಟ್ಟು ಹುಟ್ಟಿಸಿದ ತಳಿ ಅವ್ವಾ, ಕಾಳು ಭಾಳ ದಪ್ಪ," ಎಂದು ಅಪ್ಪ ಹಿಗ್ಗಿದ. ಅಜ್ಜಿಗೆ ಗೊತ್ತಿದ್ದ ಕಿರಣ ಒಂದೇ: ಕೊಲ್ಲಾಪುರದಲ್ಲಿ ಅವಳ ತಂಗಿಯ ಕ್ಯಾನ್ಸರ್ ವಾಸಿ ಮಾಡಿ, ಕತ್ತನ್ನು ಕಪ್ಪಾಗಿಸಿದ್ದು. ಹುರಿದ ಕಾಳಿಗೆ ನಾನು ಕೈ ಹಾಕಲು ಹೋದಾಗ ಅಜ್ಜಿ ಅದರ ಮೇಲೆ ಸೆರಗು ಮುಚ್ಚಿದಳು.

"ತಡಿಯವ್ವಾ, ಮೊದಲ ನಾ ತಿಂತೀನಿ."

ಒಂದು ಹಿಡಿ ತಿಂದು ಹೊಸ್ತಿಲ ಬಳಿ ಅಡ್ಡಾದಳು. ಅಪ್ಪ ನಕ್ಕ. ನಾನು ಅವಳ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕುಳಿತೆ.

ಬಿಸಿಲು ಇಳಿದಾಗ ಎದ್ದು ನನ್ನ ಬೊಗಸೆ ತುಂಬಿದಳು. "ತಿನ್ನು, ಏನೂ ಆಗಿಲ್ಲ." ಆಮೇಲೆ ಅಂಗಳದಲ್ಲಿದ್ದ ಹುರಿಯದ ಶೇಂಗಾ ರಾಶಿಯ ಮುಂದೆ ಕುಳಿತು, ದಪ್ಪ ದಪ್ಪ ಕಾಯಿಗಳನ್ನು ಬಿತ್ತನೆಗೆಂದು ಉಡಿಗೆ ಹಾಕಿಕೊಳ್ಳತೊಡಗಿದಳು.