ಹಸಿರು ಹನ್ನೊಂದು

"ಅದೇನಮ್ಮೀ ಬಚ್ಚಿಟ್ಟೆ? ತಗಿ ಈಚೆಗೆ."

ನಾಗರಾಜು ಚಪ್ಪಲಿಯನ್ನೂ ಬಿಡದೆ ಟೈಲರ್ ಅಂಗಡಿಯೊಳಗೆ ನುಗ್ಗಿದ್ದ. ಅಲ್ಲಿ ಕೆಲಸಕ್ಕಿದ್ದ ರೂಪ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ತಡವಾಗಿತ್ತು. ಒಂದು ಮೂಲೆ ಹೊರಗೇ ಉಳಿದಿತ್ತು. ಹಸಿರು ಜರ್ಸಿ. ಅದರ ಮೇಲೆ ಬಿಳಿಯ ಹನ್ನೊಂದು.

ಹನ್ನೊಂದು ಕುಸುಮಳ ನಂಬರು. ಹಸಿರು ಮದ್ದೂರು ಕ್ಲಬ್ಬಿನ ಬಣ್ಣ. ನಾಗರಾಜು ಮಂಡ್ಯ ಕ್ಲಬ್ಬಿನ ಕಾರ್ಯದರ್ಶಿ.

ಆರಡಿ ಎತ್ತರದ ಕುಸುಮ ಮಂಡ್ಯಕ್ಕೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡು ಸಲ ರಾಜ್ಯದ ಕಪ್ ಗೆದ್ದು ತಂದವಳು. ಕ್ಲಬ್ಬಿನೊಂದಿಗಿನ ಅವಳ ಒಪ್ಪಂದ ಈ ಶನಿವಾರ ಮುಗಿಯುತ್ತಿತ್ತು. ಮುಂದೆ ಯಾವ ತಂಡ? ಆಟದ ಕೋರ್ಟಿನ ಪಕ್ಕದ ಟೀ ಅಂಗಡಿಯಲ್ಲಿ ವಾರದಿಂದ ಬೇರೆ ಮಾತೇ ಇರಲಿಲ್ಲ.

"ಮಳವಳ್ಳಿಯೋರು ಸ್ಕೂಟಿ ಕೊಡುಸ್ತಾರಂತೆ ಕಣ್ಲಾ."

"ಅವಳ ಕಾಲುದ್ದಕ್ಕೆ ಸ್ಕೂಟಿ ಎಲ್ಲಿ ಸಾಲ್ತದೆ ಬುಡ್ಲಾ, ಬುಲೆಟ್ಟೇ ಬೇಕು!"

"ಹನಕೆರೆ ಸ್ಟೇಷನ್ನಾಗೆ ಮದ್ದೂರು ಕಡೆ ರೈಲು ಅತ್ತುದ್ಲು. ಈ ಕಣ್ಣಾರೆ ನೋಡಿವ್ನಿ."

ಕುಸುಮ ಮಾತ್ರ ಏನೂ ಹೇಳಿರಲಿಲ್ಲ. ಹೇಳಬೇಕಾದ್ದನ್ನು ಅವಳು ಎರಡು ವರ್ಷದ ಹಿಂದೆಯೇ ಕ್ಲಬ್ಬಿಗೆ ಬರೆದು ಕೊಟ್ಟಿದ್ದಳು. ಸಂಜೆ ಐದರಿಂದ ಏಳರವರೆಗೆ ಕೋರ್ಟು ಹುಡುಗಿಯರಿಗೆ ಬಿಡಬೇಕು. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಬೇಕು. ಅಷ್ಟೇ. ನಾಗರಾಜು ಅಂದಿನಿಂದಲೂ "ನೋಡಣ" ಅನ್ನುತ್ತಿದ್ದ. ಸಂಜೆಯ ಹೊತ್ತು ಅವನೂ ಅವನ ಸ್ನೇಹಿತರೂ ಆಡುತ್ತಿದ್ದರು. ಹುಡುಗಿಯರಿಗೆ ಮಧ್ಯಾಹ್ನ ಎರಡರ ಬಿಸಿಲು, ಇಲ್ಲವೇ ಏಳರ ಮೇಲಿನ ಕತ್ತಲು. ಕತ್ತಲಲ್ಲಿ ಬಸ್ಸು ಹತ್ತಿ ಬರುವ ಮಗಳನ್ನು ಎಷ್ಟು ಮನೆಗಳು ಸಹಿಸಿಯಾವು? ಕೆರಗೋಡು, ಹೊಳಲಿನ ಹುಡುಗಿಯರಿಗೆ ಮನೆಯವರು ಒಬ್ಬೊಬ್ಬರಿಗೇ ಆಟ ಬಿಡಿಸಿದರು. ಕೆಲವರಿಗೆ ಶಾಲೆಯನ್ನೂ.

ಮಂಡ್ಯ, ಮದ್ದೂರು, ಮಳವಳ್ಳಿ, ಮೂರೂ ಊರಿನ ಜರ್ಸಿ ಹೊಲಿಯುವುದು ಚಿಕ್ಕಬೋರಯ್ಯನ ಈ ಅಂಗಡಿಯಲ್ಲೇ. ಅವನದೊಂದು ಕಟ್ಟುನಿಟ್ಟು. ಆಟಗಾರರು ಸಹಿ ಹಾಕಿದ ಚೀಟಿ ಬರುವ ತನಕ ಜರ್ಸಿಗೆ ನಂಬರು ಹೊಲಿಯುವುದಿಲ್ಲ. ಹಿಂದೊಮ್ಮೆ ಕೊನೆ ಗಳಿಗೆಯಲ್ಲಿ ತಂಡ ಬದಲಾಗಿ, ಹೊಲಿದದ್ದನ್ನೆಲ್ಲ ಬಿಚ್ಚಿ ಅವನ ಬೆರಳು ಊದಿಕೊಂಡಿದ್ದವು. ಅಂದಿನಿಂದ, ನಂಬರು ಬಿತ್ತೆಂದರೆ ಸಹಿ ಬಿತ್ತೆಂದೇ ಲೆಕ್ಕ. ಇದು ಎಲ್ಲರಿಗೂ ಗೊತ್ತಿತ್ತು.

ಚಿಕ್ಕಬೋರಯ್ಯ ಬಟ್ಟೆ ತರಲು ಮೈಸೂರಿಗೆ ಹೋಗಿದ್ದ. ಯಾವಾಗಲೂ ಗೋಡೆಗೆ ಮುಖ ಮಾಡಿ ಕೂರುವ ರೂಪ ಇಂದು ಮಿಷನ್ನನ್ನು ಬಾಗಿಲಿಗೆ ತಿರುಗಿಸಿಕೊಂಡಿದ್ದಳು. ನಾಗರಾಜು ಹನ್ನೊಂದು ಗಂಟೆಯ ಟೀಗೆ ದಿನವೂ ಹಾದುಹೋಗುವ ಬಾಗಿಲು ಅದು.

ಅವನು ಜರ್ಸಿಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದ. ಬಟ್ಟೆಯ ತುಂಬ ಸಾಲುಸಾಲು ಮಡಿಕೆಯ ಗೆರೆಗಳು, ಇಸ್ತ್ರಿಗೂ ಹೋಗಿರಲಿಲ್ಲ. ನುಸಿಗುಳಿಗೆಯ ವಾಸನೆ ಬೇರೆ.

"ಕಳ್ ನನ್ಮಕ್ಳು! ಎಷ್ಟ್ ದಿನದಿಂದ ಬಟ್ಟೆ ಮಡಗಿಸಿ ಕಾಯ್ತಿದ್ರೋ. ಮದ್ದೂರೋರು ಯಾವಾಗ ಕೊಟ್ರಮ್ಮೀ ಇದ?"

"ಅವ್ರು ಕೊಟ್ಟಿಲ್ಲ ಅಣ್ಣ."

"ಸೈನ್ ಮಾಡಿರೋ ಚೀಟಿ ಎಲ್ಲಿ?"

"ಚೀಟಿ ಇಲ್ಲ."

"ಯಾರ್ ಮುಂದೆ ಸುಳ್ಳು ಯೋಳ್ತಿದ್ದೀ ಗೊತ್ತಾ?"

ಯಾರ ಮುಖವನ್ನೂ ನೋಡಿ ಮಾತಾಡದ ರೂಪ ತಲೆಯೆತ್ತಿದಳು. "ಒಂದ್ ಮಾತೂ ಸುಳ್ಳು ಯೋಳಿಲ್ಲ ಅಣ್ಣ." ಜರ್ಸಿಯನ್ನು ಅವನ ಕೈಯಿಂದ ಕಸಿದು ಮತ್ತೆ ಮಡಿಲಲ್ಲಿಟ್ಟುಕೊಂಡಳು.

ನಾಗರಾಜು ಬೀದಿಗಿಳಿದವನೇ ಮದ್ದೂರಿನ ಕಾರ್ಯದರ್ಶಿ ಸುದರ್ಶನ್‌ಗೆ ಫೋನು ಹಚ್ಚಿದ.

"ಜರ್ಸಿ ಆಗಿಬಿಡ್ತಾ?" ಸುದರ್ಶನ್ ದನಿಯಲ್ಲಿ ನಿಜವಾದ ಆಶ್ಚರ್ಯ. "ನಮ್ಮ ಅಧ್ಯಕ್ಷರು ನನಗೊಂದು ಮಾತೂ ಹೇಳಲಿಲ್ಲವಲ್ಲ!"

"ನಾಟ್ಕ ಆಡ್ಬ್ಯಾಡಿ ಸ್ವಾಮಿ."

ಒಂದು ಗಂಟೆಗೆ ಮದ್ದೂರಿನಲ್ಲಿ ಪಟಾಕಿ ಹೊಡೆದರು. ಎರಡು ಗಂಟೆಗೆ ಮಂಡ್ಯ ಕ್ಲಬ್ಬಿನ ತುರ್ತು ಸಭೆ. ನಾಲ್ಕಕ್ಕೆ ಬಡಗಿ ಬಂದ. ನಾಲ್ಕೂವರೆಗೆ ನಾಗರಾಜು ಮೊಹರು ಒತ್ತಿದ ಪತ್ರ ಹಿಡಿದು ಕೋರ್ಟಿನ ನಡುವೆ ಕುಸುಮಳ ಮುಂದೆ ನಿಂತಿದ್ದ. ಅವಳು ಎರಡು ಸಲ ಓದಿದಳು.

"ಐದರಿಂದ ಏಳು. ದಿನಾಲೂ?"

"ದಿನಾಲೂ ಕಣಮ್ಮ. ಮದ್ದೂರ್ನ ಮರ್ತ್‌ಬುಡು, ಸೈನ್ ಆಕು."

"ಮದ್ದೂರಿಗೆ ಓಯ್ತೀನಿ ಅಂತ ನಾನ್ಯಾವಾಗ ಅಂದೆ?"

"ಎಲ್ಲಾ ಗೊತ್ತು ಬುಡಮ್ಮ ನಂಗೆ."

ಕುಸುಮ ಪೆನ್ನು ಮುಟ್ಟಲಿಲ್ಲ. "ಮೊದ್ಲು ಚಿಲಕ ನೋಡ್ತೀನಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಎದುರು ಸಾಲಿನ ಟೈಲರ್ ಅಂಗಡಿಗೂ ಕೇಳಿಸಿತು. ನಾಗರಾಜು ಹೊರಗೆ ನಿಂತು ಕಾದ. ಅವಳು ಸಾವಕಾಶವಾಗಿ ಹೊರಬಂದು ಸಹಿ ಹಾಕಿದಳು. ಮಂಡ್ಯಕ್ಕೇ.

ಸೋಮವಾರ ಸಂಜೆ ಐದಕ್ಕೆ ಹುಡುಗಿಯರು ಕೋರ್ಟಿಗಿಳಿದರು. ಚಿಕ್ಕಬೋರಯ್ಯ ಆರ್ಡರ್ ಪುಸ್ತಕವನ್ನು ಮೂರನೇ ಸಲ ತಿರುವಿಹಾಕುತ್ತಿದ್ದ. "ಊರೆಲ್ಲ ಹಸಿರು ಜರ್ಸಿ ಅಂತಾವ್ರೆ. ಇದ್ರಾಗೆ ಇಲ್ವಲ್ಲಮ್ಮೀ. ಯಾರಿಗೆ ಒಲ್ದ್‌ಕೊಟ್ಟೆ?"

ರೂಪ ಮಿಷನ್ನಿಗೆ ಬಟ್ಟೆ ಹೊದಿಸಿ, ರಸ್ತೆ ದಾಟಿ, ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಹಸಿರು ಹನ್ನೊಂದು ಆರಡಿಯ ಕುಸುಮಳಿಗೆ ಹೊಟ್ಟೆಯನ್ನೂ ಮುಚ್ಚುತ್ತಿರಲಿಲ್ಲ, ರೂಪಳಿಗೆ ಮಾತ್ರ ಸರಿಯಾಗಿ ಕೂತಿತು: ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದ ದಿನ ಅವಳು ಟ್ರಂಕಿಗೆ ಹಾಕಿಟ್ಟಿದ್ದ ನೆರಿಗೆಯ ಹಸಿರು ಯೂನಿಫಾರಂ ಲಂಗದಲ್ಲಿ ಅಷ್ಟೇ ಬಟ್ಟೆ ಸಿಕ್ಕಿತ್ತು.