ಬೇಕಂತಲೇ ಬಿದ್ದಿದ್ದು

ಕಾರಿನ ಹಿಂದೆ ಏನೋ ದಡಕ್ಕೆಂದು ಬಿದ್ದ ಸದ್ದಾದಾಗ ಲಿಯಾವ್ ಕುನ್‌ಶುಂಗ್ ಸ್ಟೀರಿಂಗ್ ಹಿಡಿದೇ ಕಣ್ಣು ಮುಚ್ಚಿಕೊಂಡ. "ತಗಲ್ತು," ಎಂದ. ಪಕ್ಕದಲ್ಲಿ ಮೂಲಂಗಿ ಕಡುಬಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿ ಕೂತಿದ್ದ ಹೆಂಡತಿ ಬೀಯುನ್, "ನಮಗೇನೂ ಅಲುಗಲಿಲ್ಲ ಕಣ್ರೀ. ಯಾರೋ ಬಿದ್ರು ಅನ್ಸುತ್ತೆ," ಎಂದಳು.

ಗಾಂಗ್‌ಶಾನ್ ಪೇಟೆಯ ಸಿಗ್ನಲ್ ಇನ್ನೂ ಕೆಂಪಾಗಿಯೇ ಇತ್ತು. ಇಬ್ಬರೂ ಅವಳ ತಾಯಿಯ ಮನೆಗೆ ಊಟಕ್ಕೆ ಹೊರಟಿದ್ದರು. ಲಿಯಾವ್‌ನದು ಅದೇ ಊರಿನಲ್ಲಿ ಸ್ಕ್ರೂ ಮಾಡುವ ಕಾರ್ಖಾನೆ. ಸೊಂಟದೆತ್ತರವೂ ಇಲ್ಲದ ಆ ಹಳದಿ ಇಟಲಿ ಕಾರು ಅವನ ಹರೆಯದ ಆಸೆ. ಬೆಳಗಿನ ಹೊತ್ತು ಕಡಲ ದಾರಿಯಲ್ಲಿ ಕಾಲೊತ್ತಿದರೆ ಬೆನ್ನ ಹಿಂದಿನ ಎಂಜಿನ್ ಎದೆಯೊಳಗೇ ಓಡಿದಂತಾಗುತ್ತಿತ್ತು. ಆ ಸುಖ ಅಲ್ಲಿಗೇ ಮುಗಿಯಿತು. ಊರೊಳಗೆ ಬಂದರೆ ಎಲ್ಲರ ಮೇಲೂ ಕಣ್ಣು. ಹಂಪ್ ಕಂಡರೆ ಕಾರನ್ನು ಓರೆಯಾಗಿಸಿ ತೆವಳಬೇಕು. ಶಾವಿಗೆ ಅಂಗಡಿಯಲ್ಲಿ ಬಟ್ಟಲು ಕೈಯಲ್ಲಿ ಹಿಡಿದು ಕಾರಿನ ಪಕ್ಕದಲ್ಲೇ ನಿಂತು ತಿನ್ನಬೇಕು. ಹತ್ತಿರ ಬಂದು ಫೋಟೊ ತೆಗೆಯುವವನ ಇನ್ನೊಂದು ಕೈಯಲ್ಲಿ ಬಣ್ಣ ಗೀಚಲು ಬೀಗದ ಕೈ ಇದೆಯೇ ಎಂದು ನೋಡಬೇಕು. ಇನ್ನು ಸ್ಕೂಟರಿನವರನ್ನಂತೂ ಅವನು ನಂಬುತ್ತಲೇ ಇರಲಿಲ್ಲ. ಪರಿಚಯದವನೊಬ್ಬನ ಕಾರಿನ ಮುಂದೆ ಮೊನ್ನೆ ಮೊನ್ನೆ ಯಾರೋ ನಾಟಕವಾಡಿ ಬಿದ್ದು, ಪರಿಹಾರ ಕಿತ್ತುಕೊಂಡು ಹೋಗಿದ್ದರು.

ಬಾಗಿಲು ರೆಕ್ಕೆಯಂತೆ ಮೇಲೆದ್ದಿತು. ಅವನು ನೆಲಕ್ಕೆ ಕೈಯೂರಿ, ಸೊಂಟ ಹಿಡಿದುಕೊಂಡು ಹೊರಗೆ ಬಂದ. ರಸ್ತೆಯಂಚಿನ ಕಲ್ಲಿನ ಪಕ್ಕ ಒಂದು ಹಳೆಯ ಸ್ಕೂಟರ್ ಮಗುಚಿತ್ತು. ಸುತ್ತ ಸೀಬೆಹಣ್ಣುಗಳು ಚೆಲ್ಲಾಡಿದ್ದವು. ನಡುವೆ ಕೂತಿದ್ದ ಮುದುಕಿಯ ಎಡಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು, ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವನನ್ನು ಕಂಡವಳೇ ಬಲಗೈ ಎತ್ತಿ ಕಾರನ್ನು ತೋರಿಸಿದಳು.

"ಮುಟ್ಟಿಲ್ಲ ಯಜಮಾನ್ರೇ. ನೋಡ್ಕೊಳ್ಳಿ, ಕೂದ್ಲೆಳೆಯಷ್ಟೂ ಮುಟ್ಟಿಲ್ಲ."

ಕೇಳುವ ಮೊದಲೇ ಹೀಗಂದದ್ದು ಅವನ ಅನುಮಾನವನ್ನು ಹೆಚ್ಚಿಸಿತು. ಕಾರಿನ ಹಿಂಬದಿಗೆ ಬಗ್ಗಿ, ಫೋನಿನ ಬೆಳಕು ಬಿಟ್ಟು, ಬೆರಳಾಡಿಸಿ ನೋಡಿದ. ನಿಜಕ್ಕೂ ಒಂದು ಗೆರೆಯೂ ಇರಲಿಲ್ಲ. ತಾಗಿಲ್ಲ ಎಂದಮೇಲೆ ಬಿದ್ದಿದ್ದು ಯಾಕೆ? ಅಷ್ಟರಲ್ಲಿ ಬೀಯುನ್ ಡಬ್ಬಿ ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡು ಮುದುಕಿಯ ಕಾಲ ಬಳಿ ಕೂತಳು.

"ಮುಟ್ಬೇಡ," ಎಂದ ಲಿಯಾವ್. "ಆಮೇಲೆ ಕೈ ಮುರಿದಿದ್ದೂ ನೀನೇ ಅಂತಾರೆ. ಪೊಲೀಸ್ ಬರ್ಲಿ."

"ರಕ್ತ ಹೋಗ್ತಿದೆ ಕಣ್ರೀ."

"ಎಲ್ಲಾ ಕ್ಯಾಮೆರಾದಲ್ಲಿ ಬಂದಿರುತ್ತೆ. ಸುಮ್ನಿರು."

ಅವಳು ಸುಮ್ಮನಿರಲಿಲ್ಲ, ಬಟ್ಟೆ ಕಟ್ಟಿದಳು. ಎದುರಿನ ಚಹಾ ಅಂಗಡಿಯವನು ಕೈಕಟ್ಟಿಕೊಂಡು ನೋಡುತ್ತಿದ್ದ. "ಬಾಸ್, ಕಾರಿಗೆ ಜಾಸ್ತಿ ನೋವಾಯ್ತಾ? ಅದಕ್ಕೂ ಒಂದು ಆಂಬುಲೆನ್ಸ್ ಹೇಳ್ಲಾ?" ಎಂದ. ನೆರೆದಿದ್ದವರು ನಕ್ಕರು. ನಾಲ್ಕಾರು ಫೋನುಗಳು ಲಿಯಾವ್‌ನ ಮುಖದತ್ತ ತಿರುಗಿದವು.

ಪೊಲೀಸಿನವನು ಬಂದಾಗ ಲಿಯಾವ್ ಕಾರಿನ ಹಿಂಬದಿಯ ಕ್ಯಾಮೆರಾದ ಚಿತ್ರವನ್ನು ಫೋನಿನಲ್ಲಿ ತೋರಿಸಿದ. ಸ್ಕೂಟರ್ ಬ್ರೇಕ್ ಹಿಡಿಯದೆ ನೇರ ಕಾರಿನತ್ತಲೇ ಜಾರಿ ಬರುತ್ತಿತ್ತು. ಇನ್ನೇನು ತಾಗಬೇಕು ಎನ್ನುವಾಗ ಮುದುಕಿ ಹ್ಯಾಂಡಲನ್ನು ಕಲ್ಲಿನ ಕಡೆಗೆ ಎಳೆದು ತಿರುಗಿಸಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

"ನೋಡಿದ್ರಾ ಸಾರ್? ತಾನೇ ತಿರುಗಿಸಿರೋದು. ಬೇಕಂತಲೇ ಬಿದ್ದಿದ್ದು."

ಪೊಲೀಸಿನವನು ಮುದುಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಅಜ್ಜಿ, ಬೇಕಂತಲೇ ಬಿದ್ರಾ?"

"ಹೂಂ, ಮತ್ತೆ?" ಎಂದಳು ಅಜ್ಜಿ. "ಬ್ರೇಕ್ ಹಿಡೀಲಿಲ್ಲ. ಮುಂದೆ ನೋಡಿದ್ರೆ ಇದು ನಿಂತಿದೆ. ನನ್ ಮಗ ಬಡ್ಕೋತಾನೇ ಇರ್ತಾನೆ, ಅಮ್ಮ, ಇಂಥಾ ಕಾರು ಕಂಡ್ರೆ ಗೋಡೆಗಾದ್ರೂ ಗುದ್ದು, ಚರಂಡಿಗಾದ್ರೂ ಬೀಳು, ಅದಕ್ಕೆ ಮಾತ್ರ ತಾಗಿಸ್ಬೇಡ. ಕೈ ಮುರಿದ್ರೆ ಕೂಡ್ಕೊಳ್ಳುತ್ತೆ, ಅದರ ರಿಪೇರಿ ದುಡ್ಡಿಗೆ ಮನೆ ಹೋದ್ರೆ ಬರಲ್ಲ ಅಂತ."

ಲಿಯಾವ್ ಕೈಯಲ್ಲಿದ್ದ ಫೋನನ್ನು ಜೇಬಿಗಿಳಿಸಿದ. ಹತ್ತಿರ ಹೋಗಿ ಕೈ ಚಾಚಿದ.

"ಬನ್ನಿ ಅಜ್ಜಿ. ಆಸ್ಪತ್ರೆಗೆ ನಾನೇ ಕರ್ಕೊಂಡ್ ಹೋಗ್ತೀನಿ."

ಅಜ್ಜಿ ಅವನ ಕೈ ಹಿಡಿಯಲಿಲ್ಲ. ಮೇಲೆದ್ದ ಬಾಗಿಲಿನೊಳಗಿನ ಕೆನೆಬಣ್ಣದ ಚರ್ಮದ ಸೀಟನ್ನು ನೋಡಿದಳು, ಒದ್ದೆಯಾಗುತ್ತಿದ್ದ ತನ್ನ ಮೊಣಕಾಲಿನ ಬಟ್ಟೆಯನ್ನು ನೋಡಿದಳು. ಆಮೇಲೆ ಪೊಲೀಸಿನವನ ಕಡೆ ತಿರುಗಿದಳು.

"ಸಾರ್, ನಾನು ಮುಟ್ಟಿಲ್ಲ ಅಂತ ಮೊದ್ಲು ಬರ್ಕೊಂಡ್ಬಿಡಿ. ಈಗ ಪ್ರೀತಿಯಿಂದ ಒಳಗೆ ಕೂರಿಸ್ತಾರೆ. ಆಮೇಲೆ ಸೀಟಿಗೆ ಕಲೆ ಆಯ್ತು ಅಂದ್ರೆ ನಾನ್ ಎಲ್ಲಿಗೆ ಹೋಗ್ಲಿ?"

"ಹಾಗೆಲ್ಲ ಅನ್ನೋನಲ್ಲ ಅಜ್ಜಿ ನಾನು."

"ಅದು ನಂಗೆ ಹೇಗಪ್ಪಾ ಗೊತ್ತಾಗ್ಬೇಕು?"

ಲಿಯಾವ್ ಹೆಂಡತಿಯ ಮುಖ ನೋಡಿದ. ನೀನಾದರೂ ಹೇಳು ಎಂಬಂತೆ. ಬೀಯುನ್ ಅಜ್ಜಿಯ ಬೆನ್ನಿಗೆ ಕೈ ಕೊಟ್ಟು ನಿಧಾನಕ್ಕೆ ಎಬ್ಬಿಸಿ ನಿಲ್ಲಿಸಿಕೊಂಡಳು. "ಆಂಬುಲೆನ್ಸ್ ಬರುತ್ತೆ, ನಾನು ಇವ್ರ ಜೊತೆ ಹೋಗ್ತೀನಿ," ಎಂದಳು. "ನೀವು ಮೊದ್ಲು ಕಾರು ತೆಗೀರಿ. ದಾರಿಗೆ ಅಡ್ಡ ಆಗಿದೆ."

ಅವನು ಮತ್ತೆ ಮಡಚಿಕೊಂಡು ಒಳಗೆ ಕೂತ. ಬಾಗಿಲು ಇಳಿಯಿತು. ಗುಂಡಿ ಒತ್ತಿದ ಕೂಡಲೇ ಎಂಜಿನ್ ಗರ್ಜಿಸಿತು, ಜನರೆಲ್ಲ ಒಮ್ಮೆಲೇ ಎರಡು ಹೆಜ್ಜೆ ಹಿಂದೆ ಸರಿದರು. ಪಕ್ಕದ ಕನ್ನಡಿಯಲ್ಲಿ ಅವನಿಗೆ ಕಂಡಿತು: ಅಜ್ಜಿಯನ್ನು ಎದೆಗೆ ಅವುಚಿಕೊಂಡು ಬೀಯುನ್ ಕೂಡ ಹಿಂದೆ ಸರಿದಿದ್ದಳು.